ಮಗಳಿಗೆ ಶರಾವತಿ ಅಂತ ಹೆಸರಿಡಬೇಕು ಅಂತಿದ್ದೇವೆ. ಈ ಹೆಸರು ಯಾಕಿಷ್ಟು ಅಪರೂಪ?

ರಿಪ್ಪನ್‌ಪೇಟೆ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಹುಟ್ಟಿದ್ದಾಳೆ, ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ನನಗೂ ಹೆಂಡತಿಗೂ ಶರಾವತಿ ಎಂಬ ಹೆಸರು ಮನಸ್ಸಿಗೆ ಹಿಡಿದಿದೆ. ಮನೆಯ ಹಿರಿಯರು ಮಾತ್ರ "ಆ ಹೆಸರು ಯಾರಿಗಿದೆ ಹೇಳು ನೋಡೋಣ" ಎನ್ನುತ್ತಿದ್ದಾರೆ. ಯೋಚನೆ ಮಾಡಿದರೆ ನನಗೂ ಯಾರೂ ನೆನಪಾಗುತ್ತಿಲ್ಲ.

ಇದು ವಿಚಿತ್ರ ಅಲ್ವಾ? ನಮ್ಮ ಕಡೆ ಕಾವೇರಿ ಇದ್ದಾರೆ, ತುಂಗಾ ಇದ್ದಾರೆ, ಭದ್ರಾ ಇದ್ದಾರೆ. ನೇತ್ರಾವತಿ, ಹೇಮಾವತಿ, ವೇದಾವತಿ ಅಂತೂ ಪ್ರತಿ ಊರಲ್ಲೂ ಸಿಗುತ್ತಾರೆ. ಶರಾವತಿಯಂತೂ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಹುಟ್ಟಿ ಹರಿಯುವ ಹೊಳೆ. ಅವಳ ಹೆಸರನ್ನು ನಾವೇ ಇಡುವುದಿಲ್ಲ. ಹೆಸರು ಎಲ್ಲಿಂದ ಬಂತು, ಯಾಕೆ ಹೆಣ್ಣುಮಕ್ಕಳಿಗೆ ಬರಲಿಲ್ಲ, ಗೊತ್ತಿದ್ದವರು ಹೇಳಿ.

ಅಡಿಕೆ ಮಂಡಿ

ಯಾರಿಗೂ ಇಲ್ಲ ಅಂದರೆ ಹೇಗೆ ಸ್ವಾಮಿ? ಬಸ್ಸಿಗಿದೆ, ಲಾಡ್ಜಿಗಿದೆ, ಹೋಟೆಲಿಗಿದೆ, ಬಡಾವಣೆಗಿದೆ, ಕರೆಂಟಿಗೂ ಇದೆ. ಮನುಷ್ಯರಿಗೆ ಉಳಿದಿಲ್ಲ ಅಷ್ಟೇ.

ಸಂಸ್ಕೃತದ ಮೇಷ್ಟ್ರು

ಮೊದಲು ಮೂಲದ ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದ್ದು. ವನವಾಸದಲ್ಲಿ ಸೀತೆಗೆ ಬಾಯಾರಿಕೆ ಆಯಿತು. ರಾಮ ನೆಲಕ್ಕೆ ಬಾಣ ಬಿಟ್ಟ, ನೀರು ಚಿಮ್ಮಿತು, ಅದೇ ಹೊಳೆಯಾಯಿತು. ಶರ ಎಂದರೆ ಬಾಣ, ಆದ್ದರಿಂದ ಶರಾವತಿ. ಊರಿನ ಹೆಸರಲ್ಲಿರುವ ಅಂಬು ಕೂಡ ಕನ್ನಡದಲ್ಲಿ ಬಾಣವೇ. ಸಂಸ್ಕೃತದವರನ್ನು ಕೇಳಿದರೆ ಅಂಬು ಎಂದರೆ ನೀರು ಎನ್ನುತ್ತಾರೆ. ಈ ಜಾಗಕ್ಕೆ ಎರಡೂ ಸರಿಹೊಂದುತ್ತದೆ.

ಆದರೆ ಸಂಸ್ಕೃತದಲ್ಲಿ ಶರಕ್ಕೆ ಇನ್ನೊಂದು ಅರ್ಥ ಇದೆ. ನೀರಿನ ದಡದಲ್ಲಿ ಬೆಳೆಯುವ ಒಂದು ಜಾತಿಯ ಎತ್ತರದ ಜೊಂಡು ಹುಲ್ಲು. ಅದರ ಕಡ್ಡಿಯಿಂದ ಬಾಣ ಮಾಡುತ್ತಿದ್ದರು. ಷಣ್ಮುಖ ಹುಟ್ಟಿದ ಶರವಣ ಅಂದರೆ ಇದೇ ಹುಲ್ಲಿನ ಕಾಡು. ಹಾಗಾಗಿ ಶರಾವತಿ ಎಂದರೆ ಜೊಂಡು ತುಂಬಿದ ಹೊಳೆ ಎಂದೂ ಹೇಳಬಹುದು.

ಇನ್ನು 'ರ' ಯಾಕೆ 'ರಾ' ಆಯಿತು? ಶರ, ಅದಕ್ಕೆ ವತಿ ಸೇರಿದರೆ ಶರವತಿ ಆಗಬೇಕಿತ್ತು. ಇದಕ್ಕೆ ಪಾಣಿನಿ ತನ್ನ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಯ 6ನೇ ಅಧ್ಯಾಯದಲ್ಲಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ: ಶರಾದೀನಾಂ ಚ. ಶರ ಮೊದಲಾದ ಕೆಲವು ಪದಗಳಿಗೆ ಈ ಪ್ರತ್ಯಯ ಸೇರಿ ಒಂದು ಹೆಸರಾದಾಗ ಕೊನೆಯ ಸ್ವರ ದೀರ್ಘವಾಗುತ್ತದೆ. ಹೆಸರು ಅಲ್ಲದಿದ್ದರೆ ದೀರ್ಘ ಇಲ್ಲ. ಸುಮ್ನೆ ಬಾಣ ಇಟ್ಟುಕೊಂಡವಳು ಶರವತಿ. ಶರಾವತಿ ಆದಳು ಅಂದರೆ ಅವಳಿಗೆ ಹೆಸರಿಟ್ಟಾಗಿದೆ ಎಂದರ್ಥ.

ಸಾಗರದವಳು

ಮೇಷ್ಟ್ರೇ, ಪಾಣಿನಿಗೆ ನಮ್ಮ ಜೋಗದ ಹೊಳೆ ಹೇಗೆ ಗೊತ್ತು? ಅವನು ಇದ್ದದ್ದು ಎಲ್ಲೋ ವಾಯವ್ಯದಲ್ಲಿ.

ಸಂಸ್ಕೃತದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಸಂಸ್ಕೃತ ಗ್ರಂಥಗಳ ಶರಾವತಿ ಬೇರೆ, ಅದು ಉತ್ತರದ್ದು. ಅಮರಕೋಶ ಎಂಬ ಹಳೆಯ ಸಂಸ್ಕೃತ ನಿಘಂಟಿನಲ್ಲಿ ಶರಾವತಿ ಒಂದು ಗಡಿ. ಅದರ ಪೂರ್ವ ಮತ್ತು ದಕ್ಷಿಣದ ದೇಶ ಪ್ರಾಚ್ಯ, ಪಶ್ಚಿಮ ಮತ್ತು ಉತ್ತರದ್ದು ಉದೀಚ್ಯ. ಪಾಣಿನಿಯ ವ್ಯಾಖ್ಯಾನಕಾರರು ಇದಕ್ಕೆ ಒಂದು ಶ್ಲೋಕವನ್ನೇ ಹೇಳುತ್ತಾರೆ. ಹಂಸ ಹಾಲು ನೀರನ್ನು ಬೇರೆ ಮಾಡುವ ಹಾಗೆ ಈ ನದಿ ಪೂರ್ವದವರ ಮತ್ತು ಉತ್ತರದವರ ಮಾತನ್ನು ಬೇರೆ ಮಾಡುತ್ತದೆ, ಅವಳು ನಮ್ಮನ್ನು ಕಾಪಾಡಲಿ ಅಂತ. ವ್ಯಾಕರಣದವರ ಪ್ರಾರ್ಥನೆಗೆ ಪಾತ್ರವಾದ ನದಿ ಇನ್ಯಾವುದಿದೆ ಹೇಳಿ!

ಕಾಳಿದಾಸನ ರಘುವಂಶದ 15ನೇ ಸರ್ಗದಲ್ಲಿ ಶರಾವತಿ ಒಂದು ಪಟ್ಟಣ. ರಾಮ ಕುಶನನ್ನು ಕುಶಾವತಿಯಲ್ಲಿ, ಲವನನ್ನು ಶರಾವತಿಯಲ್ಲಿ ನೆಲೆಗೊಳಿಸುತ್ತಾನೆ. ಕುಶ ಎಂದರೂ ಹುಲ್ಲು, ಶರ ಎಂದರೂ ಹುಲ್ಲು. ಅಲ್ಲಿ ಬಾಣದ ಮಾತೇ ಇಲ್ಲ.

ಸಾಗರದವಳು

ಹಾಗಾದರೆ ನಮ್ಮ ಹೊಳೆಗೆ ಆ ದೊಡ್ಡ ಹೆಸರು ಬಂದ ಮೇಲೆ ಬಾಣದ ಕಥೆ ಹುಟ್ಟಿರಬಹುದು. ನನಗೆ ಹಾಗೆ ಅನಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಹೊಳೆಗೆಲ್ಲ ರಾಮನದೇ ಕಥೆ. ಸೊರಬದ ದಂಡಾವತಿಗೂ ರಾಮ ದಂಡದಿಂದ ನೆಲಕ್ಕೆ ಕುಟ್ಟಿದ ಎನ್ನುತ್ತಾರೆ. ಪಾಪ ಸೀತೆಗೆ ಮಲೆನಾಡಲ್ಲೂ ನೀರು ಸಿಗಲಿಲ್ಲ!

ಹಿನ್ನೀರಿನ ಮೊಮ್ಮಗಳು

ಮೂಲ ಸರಿ, ಅಪರೂಪ ಯಾಕೆ ಎನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇದೆ. ನಾವು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅಜ್ಜನ ಗದ್ದೆ, ತೋಟ, ಮನೆ ಎಲ್ಲ ನೀರೊಳಗೆ ಹೋಯಿತು. ಅಜ್ಜಿ ತಾಳಗುಪ್ಪದ ಆಚೆ ಎಲ್ಲೂ ಹೋದವಳಲ್ಲ. ಅವಳನ್ನು ಸಾಮಾನಿನ ಜೊತೆ ಲಾರಿಯಲ್ಲಿ ಕೂರಿಸಿ ಶಿವಮೊಗ್ಗದ ಹತ್ತಿರದ ಕಾಡಿಗೆ ತಂದು ಇಳಿಸಿದರು. ಆ ಜಾಗದ ಹಕ್ಕುಪತ್ರದ ಜಗಳ ನಮ್ಮ ಅಪ್ಪನ ಕಾಲದಲ್ಲೂ ಮುಗಿಯಲಿಲ್ಲ.

ನಮ್ಮ ಅತ್ತೆ ಹುಟ್ಟಿದ್ದು ಈ ಕಡೆ ಬಂದ ಮೇಲೆ. ಯಾರೋ ಶರಾವತಿ ಅಂತ ಇಡಿ ಅಂದರಂತೆ. ಅಜ್ಜಿ ಒಪ್ಪಲಿಲ್ಲ. "ಮನೆಯಿಂದ ಎಬ್ಬಿಸಿದವಳ ಹೆಸರನ್ನ ದಿನಾ ಕರೀಬೇಕಾ" ಎಂದಳಂತೆ. ಅತ್ತೆಗೆ ಲಲಿತಾ ಎಂದಿಟ್ಟರು. ನಮ್ಮ ಕೇರಿಯಲ್ಲಿ ಅರ್ಧಕ್ಕರ್ಧ ಜನ ಹೊಳೆ ದಡದಿಂದ ಬಂದವರು. ಒಬ್ಬ ಶರಾವತಿಯೂ ಇಲ್ಲ.

ಕಾಲೊನಿ ಹುಡುಗ

ಅಜ್ಜಿಯ ನೋವು ಅರ್ಥ ಆಗುತ್ತದೆ. ಆದರೆ ಎಬ್ಬಿಸಿದ್ದು ಹೊಳೆ ಅಲ್ಲ, ಅಣೆಕಟ್ಟು. ನಾನು ಹುಟ್ಟಿ ಬೆಳೆದದ್ದು ಶರಾವತಿ ವಿದ್ಯುತ್ ಯೋಜನೆಯ ಕಾಲೊನಿಯಲ್ಲಿ. ನಮಗೆ ಆ ಹೆಸರೆಂದರೆ ಹೆಮ್ಮೆ. ಹತ್ತು ಯಂತ್ರ, ಒಟ್ಟು 1035 ಮೆಗಾವಾಟ್. ಒಂದು ಕಾಲದಲ್ಲಿ ಇಡೀ ರಾಜ್ಯದ ದೀಪ ಉರಿಯುತ್ತಿದ್ದುದೇ ಇಲ್ಲಿಂದ ಎಂದು ಅಪ್ಪ ಎದೆ ಉಬ್ಬಿಸಿ ಹೇಳುತ್ತಿದ್ದರು.

ಹಿನ್ನೀರಿನ ಮೊಮ್ಮಗಳು

ಸರಿ. ಕಾಲೊನಿಯಲ್ಲಿ ಎಷ್ಟು ಶರಾವತಿಯರಿದ್ದರು?

ಕಾಲೊನಿ ಹುಡುಗ

ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಜ್ಯೋತಿ ಬೇಕಾದಷ್ಟಿದ್ದರು.

ಅಡಿಕೆ ಮಂಡಿ

ಕರೆಂಟ್ ಇಲಾಖೆ, ಜ್ಯೋತಿ. ಸರಿಯಾಗಿದೆ ಬಿಡಿ.

ಹಾಜರಿ ಪುಸ್ತಕ

ಹೊಸನಗರ, ಸಾಗರ ಕಡೆಯ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಹಳೆಯ ದಾಖಲಾತಿ ಪುಸ್ತಕ ತಿರುವಿ ಹಾಕುವುದು ನನ್ನ ಹುಚ್ಚು. ಮುಳುಗಡೆಯ ವಾದ ಕೇಳಲು ಚೆನ್ನಾಗಿದೆ, ಅದರಲ್ಲಿ ಸತ್ಯವೂ ಇದೆ. ಆದರೆ ಅದೊಂದೇ ಕಾರಣ ಆಗಿದ್ದರೆ 1964ಕ್ಕೂ ಮೊದಲು ಹುಟ್ಟಿದ ಶರಾವತಿಯರು ಊರ ತುಂಬ ಇರಬೇಕಿತ್ತು. ನಾನು ನೋಡಿದ ಪುಸ್ತಕಗಳಲ್ಲಿ ಅವರೂ ಇಲ್ಲ.

ಹಳೆಯ ಪುಟಗಳಲ್ಲಿ ಏನಿದೆ? ದೇವೀರಮ್ಮ, ಚೌಡಮ್ಮ, ಹುಚ್ಚಮ್ಮ, ಗಣಪಮ್ಮ, ಬೆಳ್ಳಮ್ಮ, ಪುಟ್ಟಮ್ಮ, ಕೊಲ್ಲಮ್ಮ. ಮನೆದೇವರ ಹೆಸರು, ಇಲ್ಲದಿದ್ದರೆ ಮಗು ಉಳಿಯಲಿ ಎಂದು ಇಟ್ಟ ಹೆಸರು. ಆ ಕಾಲದ ಹಳ್ಳಿಯವರು ಹೊಳೆಗೆ ಹೊಳೆ ಎಂದೇ ಕರೆಯುತ್ತಿದ್ದರು. "ಹೊಳೆ ಬಂತು", "ಹೊಳೆ ಇಳೀತು", "ಹೊಳೆ ಆಚೆ ಮನೆ". ಹೊಳೆಗೆ ಒಂದು ಹೆಸರಿದೆ ಎಂಬುದು ನಕ್ಷೆಗೆ, ಪುರೋಹಿತರ ಸಂಕಲ್ಪಕ್ಕೆ ಮಾತ್ರ ಬೇಕಿತ್ತು. ಇಂಗ್ಲಿಷರ ಕಾಲದ ಬರಹಗಳಲ್ಲಂತೂ ಜೋಗಕ್ಕೇ ಗೇರುಸೊಪ್ಪೆ ಜಲಪಾತ ಎಂಬ ಹೆಸರು.

ಆಮೇಲೆ ಬಂದದ್ದು ವತಿ ಕಾಲ. ಲೀಲಾವತಿ, ಪ್ರಭಾವತಿ, ಕಲಾವತಿ, ಪುಷ್ಪಾವತಿ, ಚಂದ್ರಾವತಿ. ಹುಂಚದ ಅಮ್ಮನಿಂದಾಗಿ ಪದ್ಮಾವತಿ ನಮ್ಮಲ್ಲಿ ಮೊದಲೇ ಇತ್ತು. ಹೆಣ್ಣುಮಕ್ಕಳು ಶಾಲೆಗೆ ಬರತೊಡಗಿದಂತೆ ಅಮ್ಮ ಹೋಗಿ ವತಿ ಬಂತು. ಹೇಮಾವತಿ, ನೇತ್ರಾವತಿ, ವೇದಾವತಿ ಆಗಲೇ ಜಾಸ್ತಿಯಾದದ್ದು. ಆ ಸಾಲಿನಲ್ಲಿ ಶರಾವತಿಯೂ ಬರಬೇಕಿತ್ತು. ಅವಳ ಸರದಿ ಬರುವ ಹೊತ್ತಿಗೆ ಸರಿಯಾಗಿ ಹೆಸರು ಯೋಜನೆಯ ಪಾಲಾಯಿತು. ಪತ್ರಿಕೆಯಲ್ಲಿ, ರೇಡಿಯೋದಲ್ಲಿ ಶರಾವತಿ ಎಂದರೆ ಯೋಜನೆ, ಯಂತ್ರ, ಸಂತ್ರಸ್ತರು. ಮಗುವಿಗೆ ಇಡುವ ಹೆಸರಾಗಿ ಯಾರ ಕಿವಿಗೂ ಅದು ಬೀಳಲಿಲ್ಲ. ನನ್ನ ಲೆಕ್ಕದಲ್ಲಿ ಕಾರಣ ಇದು. ಜನ ಬೇಡ ಎಂದಿದ್ದಕ್ಕಿಂತ, ಬೇಕು ಎನ್ನುವ ಕಾಲದಲ್ಲಿ ಹೆಸರು ಕೈಗೆ ಸಿಗಲಿಲ್ಲ.

ಕಾಲೊನಿ ಹುಡುಗ

ಮೇಡಂ, ಒಂದು ಸೇರಿಸುತ್ತೇನೆ. ಜೋಗದ ಮೊದಲ ವಿದ್ಯುತ್ ಕೇಂದ್ರ ಶುರುವಾದದ್ದು 1948ರಲ್ಲಿ. ಅದಕ್ಕೆ ಹೊಳೆಯ ಹೆಸರಿಡಲಿಲ್ಲ. ಮೊದಲು ಕೃಷ್ಣರಾಜೇಂದ್ರ, ಆಮೇಲೆ ಮಹಾತ್ಮ ಗಾಂಧಿ. ಅದಕ್ಕೆ ನೀರು ಕೊಡುತ್ತಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಕಾಣುತ್ತದೆ. ಹೊಳೆಯ ಹೆಸರು ಯೋಜನೆಗೆ ಅಂಟಿದ್ದು ಎರಡನೇ ಸುತ್ತಿನಲ್ಲಿ, ಅಂದರೆ ನೀವು ಹೇಳುವ ಕಾಲದಲ್ಲೇ.

ತುಂಗೆ ದಡ

ನನ್ನದು ಬೇರೆ ವಾದ. ಮಿಂದ ಹೊಳೆಯ ಹೆಸರನ್ನು ಜನ ಇಡುತ್ತಾರೆ, ನೋಡಿದ ಹೊಳೆಯದ್ದಲ್ಲ.

ತುಂಗೆಯನ್ನು ನೋಡಿ. ಶೃಂಗೇರಿ ಅವಳ ದಡದಲ್ಲಿದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಸುತ್ತಲ ಊರಿನವರೆಲ್ಲ ಬಂದು ರಾಮತೀರ್ಥದಲ್ಲಿ ಮುಳುಗು ಹಾಕುತ್ತಾರೆ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರುವ ಜಾಗ ಇದೆ. ಗಂಗಾ ಸ್ನಾನ ತುಂಗಾ ಪಾನ ಎಂಬ ಮಾತು ಬೇರೆ. ನೇತ್ರಾವತಿ ಎಂದರೆ ಧರ್ಮಸ್ಥಳದ ಸ್ನಾನಘಟ್ಟ. ಹರಕೆ ಹೊತ್ತು ಮಿಂದು ಬಂದವರು ಹುಟ್ಟಿದ ಮಗುವಿಗೆ ಆ ಹೆಸರಿಡುತ್ತಾರೆ.

ಶರಾವತಿಗೆ ಅಂಥ ಘಟ್ಟ ಎಲ್ಲಿದೆ? ಅಂಬುತೀರ್ಥ ಸಣ್ಣ ಜಾಗ. ನಡುವೆ ಕಾಡು, ಬಂಡೆ. ಜೋಗದಲ್ಲಿ 253 ಮೀಟರ್ ಕೆಳಗೆ ಹಾರುತ್ತಾಳೆ, ಅಲ್ಲಿ ಮೀಯುವುದೆಲ್ಲಿ! ಒಟ್ಟು ಉದ್ದವೇ ಸುಮಾರು 128 ಕಿಲೋಮೀಟರ್. ಘಟ್ಟ ಇಳಿದು ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಆರತಿ ಎತ್ತಲು ಅವಳು ನಿಲ್ಲುವುದೇ ಇಲ್ಲ.

ಸಾಗರದವಳು

ಹಾಗಾದರೆ ಹೇಮಾವತಿ? ಅವಳಿಗೆ ಯಾವ ದೊಡ್ಡ ಸ್ನಾನಘಟ್ಟ ಇದೆ?

ತುಂಗೆ ದಡ

ಹೇಮಾವತಿಯನ್ನು ನದಿ ಎಂದು ನೆನೆದು ಇಡುವವರು ಕಡಿಮೆ. ಹೇಮ ಎಂದರೆ ಚಿನ್ನ, ಅಷ್ಟು ಸಾಕು. ಮಾಲತಿಯೂ ಹಾಗೇ. ನಮ್ಮ ತಾಲ್ಲೂಕಿನಲ್ಲಿ ಮಾಲತಿ ಎಂಬ ಹೊಳೆಯೇ ಹರಿಯುತ್ತದೆ. ಆದರೆ ಮಾಲತಿ ಎಂದು ಹೆಸರಿಟ್ಟವರು ಹೂವನ್ನು ನೆನೆದಿದ್ದಾರೆ. ಶರಾವತಿಗೆ ಹೀಗೆ ಇನ್ನೊಂದು ಆಸರೆ ಇಲ್ಲ. ಬಾಣ ಇಟ್ಟುಕೊಂಡವಳು ಎಂದು ಮಗಳನ್ನು ಯಾರು ಕರೆಯುತ್ತಾರೆ?

ರಿಪ್ಪನ್‌ಪೇಟೆ ಅಪ್ಪ

ನಾನು ಕರೆಯುತ್ತೇನೆ! ನನಗೆ ಅದೇ ಇಷ್ಟ ಆಗಿದ್ದು.

ಗುತ್ತಿ ಕೋಟೆ

ಸೊರಬ ಕಡೆಯವನು. ತುಂಗೆ ದಡದವರ ಮಾತಿಗೆ ನಮ್ಮ ಊರೇ ಸಾಕ್ಷಿ. ಚಂದ್ರಗುತ್ತಿಯ ರೇಣುಕಾಂಬೆಗೆ ನಮ್ಮಲ್ಲಿ ಗುತ್ತ್ಯಮ್ಮ ಎನ್ನುತ್ತಾರೆ. ಅವಳಿಗೆ ಹರಕೆ ಹೊತ್ತು ಹುಟ್ಟಿದ ಹೆಣ್ಣು ಗುತ್ತ್ಯಮ್ಮ, ಗಂಡು ಗುತ್ತ್ಯಪ್ಪ. ಈ ಹೆಸರು ಕೇಳಿದ ಕೂಡಲೇ ಯಾವ ಸೀಮೆಯವರು ಎಂದು ಹೇಳಿಬಿಡಬಹುದು. ಬೆಂಗಳೂರಿನಲ್ಲಿ ಒಬ್ಬ ಗುತ್ತ್ಯಪ್ಪ ಸಿಕ್ಕರೆ ನಾನು ಕೇಳುವುದೇ ಇಲ್ಲ, ನೇರ "ಯಾವೂರ್ರೀ ಸೊರಬದಲ್ಲಿ" ಎನ್ನುತ್ತೇನೆ.

ಈಗ ಗುತ್ತ್ಯಮ್ಮನೂ ಕಡಿಮೆಯಾಗಿದ್ದಾಳೆ. ಅಜ್ಜಿ ಗುತ್ತ್ಯಮ್ಮ, ಮಗಳು ರೇಣುಕಾ, ಮೊಮ್ಮಗಳು ರೇಣು ಕೂಡ ಅಲ್ಲ, ಏನೋ ಒಂದು ಆದ್ಯಾ. ದೇವಿ ಒಬ್ಬಳೇ, ಹೆಸರು ಮಾತ್ರ ತಲೆಮಾರಿಗೊಂದು. ನಿಜವಾಗಿ ಅಪರೂಪದ ಹೆಸರು ಬೇಕೆಂದರೆ ಗುತ್ತ್ಯಮ್ಮ ಇಡಿ ನೋಡೋಣ!

ಅಡಿಕೆ ಮಂಡಿ

ಸಿಗಂದೂರು ಚೌಡೇಶ್ವರಿ ಇರುವುದು ಶರಾವತಿ ಹಿನ್ನೀರಿನ ದಡದಲ್ಲೇ ಅಲ್ವಾ? ಅಲ್ಲಿಗೆ ಜನವೋ ಜನ. ಹಾಗಾದರೆ ಮಿಂದ ಹೊಳೆಯ ವಾದ ಏನಾಯ್ತು?

ತುಂಗೆ ದಡ

ಅಲ್ಲಿ ಹೆಸರಿಡುವುದು ದೇವಿಯದ್ದು. ಹೊಳೆ ಅಲ್ಲಿ ದಾಟಬೇಕಾದ ನೀರು, ಅಷ್ಟೇ. ಅದೂ ಮೊನ್ನೆ ತನಕ ಲಾಂಚಿನಲ್ಲಿ. 2025ರ ಜುಲೈನಲ್ಲಿ ಸೇತುವೆ ಶುರುವಾದ ಮೇಲೆ ನೀರನ್ನು ನೋಡಲೂ ಯಾರೂ ಕಾರು ನಿಲ್ಲಿಸುವುದಿಲ್ಲ.

ಕಲ್ಬರಹ

ಇಲ್ಲಿ ಹಳೆಯ ಹೆಸರುಗಳ ಮಾತು ಬಂದಿದ್ದಕ್ಕೆ ಒಂದಿಷ್ಟು. ನಮ್ಮ ಜಿಲ್ಲೆಯ ಶಾಸನಗಳಲ್ಲಿ ಹೆಣ್ಣಿನ ಹೆಸರು ಬೇಕಾದಷ್ಟು ಸಿಗುತ್ತದೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಕಡೆ 10ನೇ ಶತಮಾನದ ಶುರುವಿನಲ್ಲಿ ಜಕ್ಕಿಯಬ್ಬೆ ಇದ್ದಳು. ಗಂಡ ತೀರಿದ ಮೇಲೆ ನಾಗರಖಂಡ ಎಂಬ ಸೀಮೆಯ ಆಡಳಿತವನ್ನು ತಾನೇ ನಡೆಸಿದವಳು. ಕೊನೆಗೆ ಬಂದಳಿಕೆಯಲ್ಲಿ ಸಲ್ಲೇಖನ ವ್ರತ, ಅಂದರೆ ಜೈನರ ಕೊನೆಯ ಉಪವಾಸ, ಹಿಡಿದು ದೇಹ ಬಿಟ್ಟಳು. ಹುಂಚದಲ್ಲಿ ಪಂಚಕೂಟ ಬಸದಿ ಕಟ್ಟಿಸಿದ ಚಟ್ಟಲದೇವಿ ಇದ್ದಾಳೆ, 1077ರ ಕಾಲ. ಉಡುತಡಿಯ ಅಕ್ಕಮಹಾದೇವಿಯನ್ನು ಹೇಳುವುದೇ ಬೇಡ. ಆಮೇಲೆ ಕೆಳದಿಯ ಚೆನ್ನಮ್ಮ, ವೀರಮ್ಮಾಜಿ. ಶರಾವತಿಯ ದಡದಲ್ಲೇ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿ. ಪೋರ್ಚುಗೀಸರು ಇವಳನ್ನು ಮೆಣಸಿನ ರಾಣಿ ಎನ್ನುತ್ತಿದ್ದರು.

ಹೊಳೆಯ ದಡದಲ್ಲೇ ರಾಜಧಾನಿ ಇದ್ದವಳಿಗೂ ಹೊಳೆಯ ಹೆಸರಿಲ್ಲ. ಅಬ್ಬೆ, ಅಕ್ಕ, ಅಮ್ಮ, ದೇವಿ, ಇಷ್ಟರಲ್ಲೇ ಎಲ್ಲ ಮುಗಿಯುತ್ತದೆ. ಅಂದರೆ ಹೊಳೆಯ ಹೆಸರನ್ನು ಹೆಣ್ಣಿಗೆ ಇಡುವುದು ನಮ್ಮಲ್ಲಿ ಅಷ್ಟೇನೂ ಹಳೆಯ ರೂಢಿ ಅಲ್ಲ. ಹಾಜರಿ ಪುಸ್ತಕದ ಮೇಡಂ ಹೇಳಿದ್ದಕ್ಕೆ ಇದು ಸರಿಹೊಂದುತ್ತದೆ. ಇವರಲ್ಲಿ ಚೆನ್ನಮ್ಮ ಮನೆಮನೆಗೆ ಬಂದಳು. ಜಕ್ಕಿಯಬ್ಬೆ ಕಲ್ಲಿನಲ್ಲೇ ಉಳಿದಳು. ನನಗೆ ಕೇಳಿದರೆ ಅವಳೇ ವಾಪಸ್ ಬರಬೇಕಾದವಳು. ಆದರೆ ಇದು ಬೇರೆ ಚರ್ಚೆ.

ಶಾಸ್ತ್ರ ಕೇಳಿ

ಹೊಳೆ ಹೆಸರು ಇಡದಿರಲು ಶಾಸ್ತ್ರವೂ ಕಾರಣ. ನಕ್ಷತ್ರದ, ಮರದ, ನದಿಯ ಹೆಸರಿರುವ ಹುಡುಗಿಯನ್ನು ಮದುವೆ ಆಗಬಾರದು ಎಂದು ಮನುಸ್ಮೃತಿಯ 3ನೇ ಅಧ್ಯಾಯದಲ್ಲಿದೆ. ಹಕ್ಕಿ, ಹಾವು, ಬೆಟ್ಟದ ಹೆಸರೂ ಬೇಡ. ಮನೆಯ ಸಂಸ್ಕಾರಗಳನ್ನು ಹೇಳುವ ಗೃಹ್ಯಸೂತ್ರದಲ್ಲಿ ಹೆಣ್ಣಿನ ಹೆಸರಿಗೆ ಬೆಸ ಸಂಖ್ಯೆಯ ಅಕ್ಷರ ಹೇಳಿದ್ದಾರೆ. ಶರಾವತಿಗೆ ನಾಲ್ಕು ಅಕ್ಷರ. ಹಿರಿಯರು ಹುಬ್ಬು ಗಂಟಿಕ್ಕಿದ್ದರೆ ಸುಮ್ನೆ ಅಲ್ಲ.

ಸಾಗರದವಳು

ಸ್ವಾಮಿ, ಆ ಲೆಕ್ಕ ಹಿಡಿದರೆ ರೋಹಿಣಿ, ರೇವತಿ, ಅಶ್ವಿನಿ, ತುಳಸಿ, ಗಂಗಾ, ಯಮುನಾ, ಗೋದಾವರಿ, ನರ್ಮದಾ, ಯಾರಿಗೂ ಮದುವೆ ಆಗುತ್ತಿರಲಿಲ್ಲ. ನಮ್ಮ ಮನೆಯ ಪುರೋಹಿತರ ಹೆಂಡತಿಯ ಹೆಸರೇ ಕಾವೇರಿ. ಕುವೆಂಪು ಅವರ ಪತ್ನಿಯ ಹೆಸರು ಹೇಮಾವತಿ. ಸರಸ್ವತಿಗೂ ನಾಲ್ಕೇ ಅಕ್ಷರ, ಅವಳೂ ನದಿಯೇ. ಅವಳನ್ನೂ ಬೇಡ ಎನ್ನುತ್ತೀರಾ?

ಶಾಸ್ತ್ರ ಕೇಳಿ

ಇದೆ ಎಂದು ಹೇಳಿದೆ. ಪಾಲಿಸಿ ಎಂದು ಹೇಳಲಿಲ್ಲ.

ಸಂಸ್ಕೃತದ ಮೇಷ್ಟ್ರು

ಅದೇ ಮನು 2ನೇ ಅಧ್ಯಾಯದಲ್ಲಿ ಹೆಣ್ಣಿನ ಹೆಸರು ಸುಲಭವಾಗಿ ಹೇಳುವಂತಿರಬೇಕು, ಕ್ರೂರ ಅರ್ಥ ಇರಬಾರದು, ಮನಸ್ಸಿಗೆ ಹಿತವಾಗಿರಬೇಕು, ದೀರ್ಘ ಸ್ವರದಲ್ಲಿ ಮುಗಿಯಬೇಕು ಎಂದೂ ಹೇಳುತ್ತಾನೆ. ಸಂಸ್ಕೃತದಲ್ಲಿ ಶರಾವತೀ ದೀರ್ಘವೇ. ಈ ಪರೀಕ್ಷೆಯಲ್ಲಿ ಅವಳು ಪಾಸು.

ಕುವೆಂಪು ಅವರ ಮಾತು ಬಂತು. ಹೆಸರಿಡುವುದರಲ್ಲಿ ಮಲೆನಾಡಿಗೆ ಅವರಿಗಿಂತ ಧೈರ್ಯದವರು ಬೇಕಾ? ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಆ ಕಾಲಕ್ಕೆ ಇವೆಲ್ಲ ಯಾರೂ ಕೇಳದ ಹೆಸರು. ತೇಜಸ್ವಿ ಈಗ ಎಷ್ಟು ಮನೆಯಲ್ಲಿಲ್ಲ ಹೇಳಿ. ಒಬ್ಬರು ಇಟ್ಟರೆ ಸಾಕು, ಇನ್ನೊಬ್ಬರಿಗೆ ಧೈರ್ಯ ಬರುತ್ತದೆ.

ಶರಾವತಿ ನಾನೇ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನನ್ನ ಬಗ್ಗೆ ನೀವೆಲ್ಲ ಇಷ್ಟು ಮಾತಾಡುವಾಗ ನಾನು ಸುಮ್ಮನಿದ್ದರೆ ಹೇಗೆ?

ಹೌದು, ನನ್ನ ಹೆಸರು ಶರಾವತಿ. ಹುಟ್ಟಿದ್ದು ಹೊಸನಗರ ತಾಲ್ಲೂಕು. ಅಪ್ಪನಿಗೆ ಹೊಳೆ ಹುಚ್ಚು. ಮಳೆಗಾಲದಲ್ಲಿ ಕೊಡೆ ಹಿಡಿದು ಕೆಂಪು ನೀರು ನೋಡುತ್ತಾ ನಿಲ್ಲುವವರು. ಅಮ್ಮ ಶಾರದಾ ಎಂದು ತೀರ್ಮಾನ ಮಾಡಿದ್ದರಂತೆ. ಅಪ್ಪ ಕಿವಿಯಲ್ಲಿ ಶರಾವತಿ ಎಂದುಬಿಟ್ಟರು.

ನಿಮ್ಮ ಯಾವ ವಾದದಲ್ಲೂ ಶಾರದಾ ಬರಲಿಲ್ಲ. ನನ್ನ ಅನುಭವದಲ್ಲಿ ಅವಳೇ ದೊಡ್ಡ ಕಾರಣ. ಶೃಂಗೇರಿ ಇಷ್ಟು ಹತ್ತಿರ. ಶ ಅಕ್ಷರ ಬಂತು ಎಂದರೆ ಮಲೆನಾಡಿನ ಮನೆಯಲ್ಲಿ ಮೊದಲು ನೆನಪಾಗುವುದು ಶಾರದಾ. ಮೊದಲ ಮಗಳಿಗೆ ಶಾರದಾ, ಎರಡನೆಯವಳಿಗೆ ಸರಸ್ವತಿ. ಶರಾವತಿ ನಡುವೆ ಸಿಕ್ಕಿ ಒದ್ದಾಡುತ್ತಾಳೆ. ಶಾಲೆಯಲ್ಲಿ ಹೆಸರು ಬರೆಯುವಾಗಲೇ ಶಾರದಾವತಿ ಎಂದು ಬರೆದರು. ಅಪ್ಪ ಹೋಗಿ ತಿದ್ದಿಸಿದರು. ಕಾಲೇಜಿನ ಒಂದು ಅಂಕಪಟ್ಟಿಯಲ್ಲಿ ಸರಸ್ವತಿ. ಮತದಾರರ ಪಟ್ಟಿಯಲ್ಲಿ ಶಾರವತಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹೆಸರು ಹೇಳಿದ ತಕ್ಷಣ "ಓ, ಜೋಗ್ ಫಾಲ್ಸ್" ಎನ್ನುತ್ತಾರೆ. ಕರೆಂಟು ಹೋದರೆ ನನ್ನ ಕಡೆ ನೋಡುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ "ಬಿಲ್ ಕಟ್ಟಿದ್ದೀರಾ" ಎಂದು ಕೇಳುತ್ತೇನೆ.

ಆದರೆ ಒಂದು ಸುಖ ಇದೆ. ಎಲ್ಲಿ ಹೋದರೂ ನಾನೊಬ್ಬಳೇ. ತರಗತಿಯಲ್ಲಿ ಕಾವ್ಯ, ಪೂಜಾಗಳಿಗೆಲ್ಲ ಹೆಸರಿನ ಮುಂದೆ ಇನಿಷಿಯಲ್ ಬೇಕಿತ್ತು. ನನಗೆ ಬೇಕಾಗಲಿಲ್ಲ. ಮನೆಯಲ್ಲಿ ಶರು, ಗೆಳತಿಯರಿಗೆ ಶಾರಿ. ಕೋಪ ಬಂದಾಗ ಅಮ್ಮನಿಗೆ ಮಾತ್ರ ಪೂರ್ತಿ ಶರಾವತಿ.

ಹಿನ್ನೀರಿನ ಮೊಮ್ಮಗಳು

ನಿಮ್ಮ ಮನೆ ಮುಳುಗಡೆಗೆ ಸಿಕ್ಕಿತ್ತಾ?

ಶರಾವತಿ ನಾನೇ

ನಮ್ಮದು ಸ್ವಲ್ಪ ಮೇಲಿನ ದಿಣ್ಣೆ, ಉಳಿಯಿತು. ಅಮ್ಮನ ತವರು ಹೋಯಿತು. ಆದ್ದರಿಂದ ನಿಮ್ಮ ಅಜ್ಜಿಯ ಮಾತು ನನಗೆ ಹೊಸದಲ್ಲ. ಅಮ್ಮನ ಅಮ್ಮ ನನ್ನನ್ನು ಕೊನೆತನಕ ಆ ಹೆಸರಿಂದ ಕರೆಯಲೇ ಇಲ್ಲ. "ಪುಟ್ಟಿ" ಎನ್ನುತ್ತಿದ್ದರು. ನಾನು ಅದನ್ನು ಮುದ್ದು ಎಂದುಕೊಂಡೇ ಬೆಳೆದೆ. ಕಾರಣ ಅಮ್ಮ ಹೇಳಿದ್ದು ಅಜ್ಜಿ ತೀರಿಕೊಂಡ ಮೇಲೆ.

ಹಾಜರಿ ಪುಸ್ತಕ

ನೀವು ಹೇಳಿದ ಶಾರದೆಯ ಮಾತು ನನಗೆ ಹೊಳೆದಿರಲಿಲ್ಲ. ಪುಸ್ತಕದಲ್ಲಿ ಶಾರದೆಯರು ಸಾಲುಸಾಲು ಇದ್ದಾರೆ, ಅದು ನಿಜ. ಅವರಲ್ಲಿ ಒಬ್ಬಿಬ್ಬರಾದರೂ ಬರೆಯುವವರ ಕೈಯಲ್ಲಿ ಬದಲಾದ ಶರಾವತಿಯರು ಇರಬಹುದೇನೋ.

ರಿಪ್ಪನ್‌ಪೇಟೆಯವರೇ, ನಿಮ್ಮ ಹಿರಿಯರ ಮನೆಯಿಂದಲೂ ಯಾರಾದರೂ ಮುಳುಗಡೆಯಲ್ಲಿ ಜಾಗ ಕಳೆದುಕೊಂಡವರಿದ್ದಾರಾ? ಒಮ್ಮೆ ಕೂತು ಕೇಳಿ. "ಯಾರಿಗಿದೆ ಆ ಹೆಸರು" ಎನ್ನುವುದು ಮೇಲಿನ ಮಾತಾಗಿರಬಹುದು.

ರಿಪ್ಪನ್‌ಪೇಟೆ ಅಪ್ಪ

ಕೇಳಿದೆ ಮೇಡಂ. ಹೆಂಡತಿಯ ಅಜ್ಜನ ಕಡೆಯವರದ್ದು ಹೋಗಿದೆಯಂತೆ. ಅಜ್ಜನಿಗೆ ಈಗ ತುಂಬ ವಯಸ್ಸು. ಅವರನ್ನೇ ಕೇಳೋಣ ಎಂದು ಹೋದೆವು. ಅವರು ಹೆಸರಿನ ಬಗ್ಗೆ ಏನೂ ಹೇಳಲಿಲ್ಲ. ಮುಳುಗಿದ ಊರಿನಲ್ಲಿ ಯಾರ ಮನೆ ಎಲ್ಲಿತ್ತು, ಯಾವ ಗದ್ದೆಗೆ ಎಲ್ಲಿಂದ ನೀರು ಬರುತ್ತಿತ್ತು ಎಂದು ಸಂಜೆತನಕ ಹೇಳಿದರು. ಬೇಡ ಎನ್ನಲಿಲ್ಲ. ಅತ್ತೆ ಈಗ ಅರ್ಧ ಒಪ್ಪಿದ್ದಾರೆ. ಜಾತಕದ ಹೆಸರು ಬೇರೆ ಇರಲಿ, ಕರೆಯುವ ಹೆಸರು ನಿಮ್ಮಿಷ್ಟ ಎಂದಿದ್ದಾರೆ.

ದಾಖಲೆ ಸರಿಯಿರಲಿ

ಇಡುವುದಾದರೆ ಒಂದು ಕೆಲಸದ ಮಾತು. ಜನನ ನೋಂದಣಿಗೆ 21 ದಿನ ಇದೆ. ಹೆಸರು ತೀರ್ಮಾನ ಆಗದಿದ್ದರೂ ನೋಂದಣಿ ಮಾಡಿಸಿಬಿಡಿ. ಹೆಸರನ್ನು ಆಮೇಲೆ ಸೇರಿಸಬಹುದು. ಒಂದು ವರ್ಷದೊಳಗಾದರೆ ಶುಲ್ಕ ಇಲ್ಲ. ಅದು ದಾಟಿದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ ಇದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ತಪ್ಪು ಬಿದ್ದರೆ ಮುಂದೆ ಎಲ್ಲ ಕಡೆ ಅದೇ ತಪ್ಪು.

ಇಂಗ್ಲಿಷ್ ಅಕ್ಷರ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಕೊನೆಯ 'ತಿ'ಗೆ ನಾವು ಟಿ ಜೊತೆ ಎಚ್ ಹಾಕುತ್ತೇವೆ. ಉತ್ತರದವರು ಅದನ್ನು 'ಥಿ' ಎಂದು ಓದುತ್ತಾರೆ. ಎಚ್ ಬಿಟ್ಟರೆ ನಮ್ಮವರೇ 'ಟಿ' ಎಂದು ಓದುತ್ತಾರೆ! ಯಾವುದಾದರೂ ಇರಲಿ, ಆಸ್ಪತ್ರೆಯ ಕಾಗದದಿಂದ ಹಿಡಿದು ಎಲ್ಲ ಕಡೆ ಒಂದೇ ಇರಲಿ.

ಶರಾವತಿ ನಾನೇ

ನನ್ನದರಲ್ಲಿ ಎಚ್ ಇದೆ. ಮುಂಬಯಿಯಿಂದ ಫೋನ್ ಮಾಡುವ ಸಹೋದ್ಯೋಗಿಗೆ ನಾನು ಶರಾವಥಿ. ರೂಢಿಯಾಗಿದೆ.

ಕುಮುದ

ಇದೇ ಸಾಲಿನಲ್ಲಿ ನನ್ನದೊಂದು. ನನ್ನ ಪೂರ್ತಿ ಹೆಸರು ಕುಮುದ್ವತಿ. ಹುಂಚದ ಕಡೆ ಹುಟ್ಟಿ ಶಿಕಾರಿಪುರದ ಮೇಲೆ ಹರಿಯುವ ಹೊಳೆ. ನಾಲಗೆ ತಿರುಗುವುದಿಲ್ಲ ಎಂದು ಎಲ್ಲರೂ ಕುಮುದ ಮಾಡಿದರು. ಮೇಷ್ಟ್ರು ರಘುವಂಶದ ಮಾತೆತ್ತಿದರಲ್ಲ, ಅದರಲ್ಲಿ ಕುಮುದ್ವತಿಯೂ ಇದ್ದಾಳೆ ಎಂದು ಯಾರೋ ಹೇಳಿದ ನೆನಪು.

ಸಂಸ್ಕೃತದ ಮೇಷ್ಟ್ರು

ಇದ್ದಾಳೆ. 16ನೇ ಸರ್ಗ. ಕುಶನ ಹೆಂಡತಿ, ನಾಗಕನ್ಯೆ. ಕುಶ ಜಲಕ್ರೀಡೆಯಲ್ಲಿ ಆಭರಣ ಕಳೆದುಕೊಳ್ಳುತ್ತಾನೆ. ನಾಗರಾಜ ಕುಮುದ ಅದನ್ನು ಹಿಂದಕ್ಕೆ ತಂದು, ಜೊತೆಗೆ ತಂಗಿಯನ್ನೂ ಮದುವೆ ಮಾಡಿ ಕೊಡುತ್ತಾನೆ. ಲವನ ಊರು ಶರಾವತಿ, ಕುಶನ ಹೆಂಡತಿ ಕುಮುದ್ವತಿ. ಎರಡೂ ನಮ್ಮ ಜಿಲ್ಲೆಯ ಹೊಳೆಗಳ ಹೆಸರು!

ಗುತ್ತಿ ಕೋಟೆ

ವರದೆಯನ್ನೂ ಸೇರಿಸಿ. ಇಕ್ಕೇರಿ ಹತ್ತಿರದ ವರದಾಮೂಲದಲ್ಲಿ ಹುಟ್ಟಿ ನಮ್ಮ ಕಡೆ ಬರುತ್ತಾಳೆ. ವರದಾ ಹೆಸರು ಈಗಲೂ ಅಲ್ಲಲ್ಲಿ ಇದೆ. ದಂಡಾವತಿ ಮಾತ್ರ ಯಾರೂ ಇಟ್ಟಿಲ್ಲ, ಇಡುವುದೂ ಬೇಡ. ದಂಡ ಕಟ್ಟಿಸಿಕೊಳ್ಳುವ ಹೆಸರು.

ಹಿನ್ನೀರಿನ ಮೊಮ್ಮಗಳು

ಶರಾವತಿಯ ಉಪನದಿಗಳಲ್ಲಿ ಹರಿದ್ರಾವತಿ, ಶರ್ಮಣಾವತಿ ಇವೆ. ಹರಿದ್ರಾವತಿ ಎಂದರೆ ಅರಿಶಿನದವಳು. ಹೊಸನಗರ ತಾಲ್ಲೂಕಿನಲ್ಲಿ ಆ ಹೆಸರಿನ ಊರೂ ಇದೆ. ಈ ಹೆಸರಿನ ಹೆಣ್ಣುಮಗಳು ಯಾರಾದರೂ ಗೊತ್ತಾ? ನನ್ನ ತಂಗಿಗೆ ಮಾರ್ಚಿಯಲ್ಲಿ ಹೆರಿಗೆ. ಹೊಳೆಯ ಹೆಸರು ಬೇಡ ಎಂದ ಅಜ್ಜಿ ಈಗಿಲ್ಲ. ಕೇಳಿ ನೋಡೋಣ ಎಂದಿದ್ದೇನೆ.

ಅಡಿಕೆ ಮಂಡಿ

ಐದಕ್ಷರ. ಬೆಸ ಸಂಖ್ಯೆ. ಶಾಸ್ತ್ರ ಕೇಳುವವರೂ ಸುಮ್ಮನಿರುತ್ತಾರೆ.